ಎಲ್ಕ್ ಬೇಟೆಗೆ ಉಣ್ಣೆ ಉಡುಪು: ಚೌಕಳಿಯ ಚೆಲುವಿಗೆ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಕೆಲವು ವರ್ಷಗಳಿಂದ ಅಮೆರಿಕದ ಡೆನ್ವರ್‌ನಲ್ಲಿ ನೆಲೆಸಿದ್ದೇನೆ. ಬೇಟೆಯ ಸುರಕ್ಷತಾ ತರಬೇತಿ ಮುಗಿಸಿ, ಈ ಬಾರಿ ಅಕ್ಟೋಬರ್ ಕೊನೆಯಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಕೊಲರಾಡೊ ರಾಜ್ಯದ ಸಾನ್ ಹ್ವಾನ್ ಪರ್ವತಗಳಿಗೆ ಮೊದಲ ಎಲ್ಕ್ (ಉತ್ತರ ಅಮೆರಿಕದ ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಹೊರಟಿದ್ದೇನೆ. ರಸ್ತೆಯಿಂದ ಆರು ಮೈಲಿ ಒಳಗೆ, ಸುಮಾರು 10,500 ಅಡಿ ಎತ್ತರದಲ್ಲಿ ಐದು ರಾತ್ರಿ ಡೇರೆ ಹಾಕುತ್ತೇವೆ. ಕೆಂಪು–ಕಪ್ಪು ಚೌಕಳಿಯ ದಪ್ಪ ಉಣ್ಣೆ ಜಾಕೆಟ್ ಒಂದನ್ನು ನೋಡಿ ಮನಸೋತಿದ್ದೇನೆ. ಆದರೆ ಉಣ್ಣೆ ನನಗೆ ಚುಚ್ಚುತ್ತದೆ, ಕೆಂಪು ಬಣ್ಣ ಪ್ರಾಣಿಗೆ ಕಾಣುತ್ತದೆಂಬ ಭಯವೂ ಇದೆ. ಸ್ನೇಹಿತರು ಉಣ್ಣೆಯ ಕಾಲ ಮುಗಿಯಿತು ಎನ್ನುತ್ತಾರೆ. ಏನು ಕೊಳ್ಳಲಿ? ಅಪ್ಪನ ಕರಿಕಂಬಳಿ ನನ್ನ ಬಳಿ ಇದೆ, ಅದನ್ನೂ ಒಯ್ಯಲೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಮಾತು ಜಾಕೆಟ್ಟಿನ ಬಣ್ಣದ್ದಲ್ಲ, "ರಸ್ತೆಯಿಂದ ಆರು ಮೈಲಿ" ಎಂಬುದು. ಅಷ್ಟು ದೂರವನ್ನು ನೀವು ಡೇರೆ, ಆಹಾರ, ಬಂದೂಕುಗಳ ಭಾರ ಹೊತ್ತು ಏರುತ್ತೀರಿ. ಬೇಟೆ ದಕ್ಕಿದರೆ, ಬೆಳೆದ ಗಂಡು ಎಲ್ಕ್‌ನಿಂದ ಮೂಳೆ ತೆಗೆದ ಮೇಲೂ 80ರಿಂದ 100 ಕಿಲೋ ಮಾಂಸ ಬರುವುದು ಸಾಮಾನ್ಯವಾದ್ದರಿಂದ, ಅದನ್ನು ಹಲವು ಸರದಿಯಲ್ಲಿ ಹೊತ್ತು ಇಳಿಸಬೇಕಾಗುತ್ತದೆ. ಹೀಗೆ ದಿನದ ಒಂದು ಭಾಗ ಬೆವರಿಳಿಯುವ ದುಡಿಮೆ, ಇನ್ನೊಂದು ಭಾಗ ಬೆಟ್ಟದ ಅಂಚಿನಲ್ಲಿ ಗಾಳಿಗೆ ಮೈಯೊಡ್ಡಿ ದುರ್ಬೀನು ಹಿಡಿದು ಗಂಟೆಗಟ್ಟಲೆ ಅಲುಗಾಡದೆ ಕೂರುವುದು. ಉಡುಪು ಹಿತವಾಗಿದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ಎರಡರ ನಡುವಿನ ಮೊದಲ ಅರ್ಧ ಗಂಟೆಯಲ್ಲಿ, ಅಂದರೆ ಏರಿ ನಿಂತ ಮೈ ತಣ್ಣಗಾಗತೊಡಗಿದಾಗ. ಅಂಗಡಿಯ ಕನ್ನಡಿಯ ಮುಂದೆ ಆ ಅರ್ಧ ಗಂಟೆ ಕಾಣಸಿಗುವುದಿಲ್ಲ.

ಹವೆಯ ಅಂದಾಜನ್ನು ಮೊದಲು ಮಾಡಿಕೊಳ್ಳೋಣ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಡೆನ್ವರ್ 5,280 ಅಡಿಯಲ್ಲಿದೆ, ನಿಮ್ಮ ಡೇರೆ ಅದಕ್ಕಿಂತ ಸುಮಾರು 1,600 ಮೀಟರ್ ಮೇಲಿರುತ್ತದೆ, ಆದ್ದರಿಂದ ನಗರದ ಹವಾ ವರದಿಯಿಂದ ಹತ್ತು ಡಿಗ್ರಿ ಕಳೆದು ಲೆಕ್ಕ ಹಾಕುವುದು ಲೇಸು. ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಬೆಳಗ್ಗೆ ನೀರಿನ ಬಾಟಲಿ ಹೆಪ್ಪುಗಟ್ಟಿರುತ್ತದೆ, ಮಧ್ಯಾಹ್ನ ಬಿಸಿಲು ಬಿದ್ದ ಇಳಿಜಾರಿನಲ್ಲಿ ಒಂದೇ ಅಂಗಿಯಲ್ಲಿ ಓಡಾಡಬಹುದು, ಸಂಜೆಗೆ ಹಿಮ ಬಿದ್ದರೂ ಬಿದ್ದೀತು. ಒಂದೇ ದಪ್ಪ ಜಾಕೆಟ್ ಇಷ್ಟೆಲ್ಲಕ್ಕೂ ಹೊಂದುವುದಿಲ್ಲ.

ಈಗ ಉಣ್ಣೆಯ ವಿಷಯ. ಉಣ್ಣೆಯ ಎಳೆ ಸಹಜವಾಗಿಯೇ ಸುರುಳಿಯಾಗಿರುತ್ತದೆ, ಆ ಸುರುಳಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿನ ಮೂಲ. ಎಳೆಯ ಹೊರಮೈ ನೀರಿನ ಹನಿಯನ್ನು ಸ್ವಲ್ಪ ಮಟ್ಟಿಗೆ ದೂರವಿಡುತ್ತದೆ, ಒಳಭಾಗವಾದರೋ ಆವಿರೂಪದ ತೇವವನ್ನು ತನ್ನ ಒಣತೂಕದ ಸುಮಾರು ಮೂರನೆಯ ಒಂದರಷ್ಟು ಹೀರಿಕೊಳ್ಳಬಲ್ಲದು, ಹಾಗೆ ಹೀರಿಕೊಳ್ಳುವಾಗ ಅಲ್ಪ ಪ್ರಮಾಣದ ಶಾಖವನ್ನೂ ಹೊರಬಿಡುತ್ತದೆ. ಏರಿ ನಿಂತ ಬೇಟೆಗಾರನಿಗೆ ತಟ್ಟನೆ ಚಳಿ ಹಿಡಿಯದಿರಲು ಈ ಗುಣ ನೆರವಾಗುತ್ತದೆ, ಏಕೆಂದರೆ ಬೆವರು ಚರ್ಮದ ಮೇಲೆ ನೀರಾಗಿ ನಿಲ್ಲುವ ಮೊದಲೇ ಅದರ ಒಂದು ಪಾಲು ಬಟ್ಟೆಯೊಳಗೆ ಸೇರಿರುತ್ತದೆ. ಹತ್ತಿ ಇದಕ್ಕೆ ತದ್ವಿರುದ್ಧ: ನೀರನ್ನು ಕುಡಿದು ಮೈಗಂಟಿ, ಗಾಳಿಯ ಜಾಗವನ್ನೆಲ್ಲ ನೀರಿಗೆ ಬಿಟ್ಟುಕೊಡುತ್ತದೆ.

ಆದರೆ "ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ" ಎಂಬ ಮಾತನ್ನು ಅಕ್ಷರಶಃ ನಂಬಬೇಡಿ. ಮಬ್ಬು ತೇವದಲ್ಲಿ, ತುಂತುರಿನಲ್ಲಿ, ಬೆವರಿನಲ್ಲಿ ಅದು ನಿಜ. ಧೋ ಎಂದು ಮಳೆ ಸುರಿದು ತೊಯ್ದು ತೊಪ್ಪೆಯಾದ ಉಣ್ಣೆ ಮಾತ್ರ ಭಾರವಾಗುತ್ತದೆ, ಬಿಸುಪನ್ನು ಬಹಳಷ್ಟು ಕಳೆದುಕೊಳ್ಳುತ್ತದೆ, ಮೇಲಾಗಿ ಒಣಗಲು ಪಾಲಿಯೆಸ್ಟರಿಗಿಂತ ಎಷ್ಟೋ ಹೊತ್ತು ತೆಗೆದುಕೊಳ್ಳುತ್ತದೆ. ಒಲೆಯಿಲ್ಲದ ಸಣ್ಣ ಡೇರೆಯಲ್ಲಿ ದಪ್ಪ ಉಣ್ಣೆಯನ್ನು ರಾತ್ರಿಯೊಳಗೆ ಒಣಗಿಸಲು ಸಾಧ್ಯವೇ ಇಲ್ಲ. ನಿಮ್ಮ ಸ್ನೇಹಿತರ ಮಾತಿನಲ್ಲಿ ಸತ್ಯವಿರುವುದು ಇಷ್ಟರ ಮಟ್ಟಿಗೆ.

ಆ ಕೆಂಪು–ಕಪ್ಪು ಜಾಕೆಟ್ ಯಾವ ಕೆಲಸಕ್ಕೆ ಹುಟ್ಟಿತು ಎಂಬುದನ್ನು ತಿಳಿದರೆ ಅದು ನಿಮಗೆ ಹೊಂದುವುದೇ ಎಂದು ತೂಗಿ ನೋಡಲು ಸುಲಭ. ಹ್ಯೂರನ್ ಮತ್ತು ಮಿಷಿಗನ್ ಸರೋವರಗಳನ್ನು ಕೂಡಿಸುವ ಮ್ಯಾಕಿನಾ ಜಲಸಂಧಿಯ ಸೀಮೆಯಲ್ಲಿ, 1811ರ ಚಳಿಗಾಲದಲ್ಲಿ, ಸೇಂಟ್ ಜೋಸೆಫ್ ದ್ವೀಪದ ಬ್ರಿಟಿಷ್ ಠಾಣೆಯ ಸೈನಿಕರಿಗೆ ನಿಲುವಂಗಿಗಳ ಕೊರತೆಯಾದಾಗ ವ್ಯಾಪಾರದ ಕಂಬಳಿಗಳನ್ನೇ ಕತ್ತರಿಸಿ ಕೋಟು ಹೊಲಿಸಲಾಯಿತು. ಆ ಬಗೆಯ ದಟ್ಟ ಬಟ್ಟೆಗೆ, ಕೋಟಿಗೆ ಮ್ಯಾಕಿನಾ ಎಂಬ ಹೆಸರೇ ಉಳಿಯಿತು, ಮರ ಕಡಿಯುವವರ ನೆಚ್ಚಿನ ಉಡುಪೂ ಅದಾಯಿತು. ಪೆನ್ಸಿಲ್ವೇನಿಯಾದಲ್ಲಿ 1830ರಲ್ಲಿ ಆರಂಭವಾದ ವೂಲ್‌ರಿಚ್ ಗಿರಣಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೆಂಪು–ಕಪ್ಪು ದೊಡ್ಡ ಚೌಕಳಿಯನ್ನು ಜನಪ್ರಿಯಗೊಳಿಸಿತು. ಆ ರಾಜ್ಯದಲ್ಲಿ ಜಿಂಕೆ ಬೇಟೆಗಾರರ ಕೆಂಪು ಚೌಕಳಿ ಕೋಟು–ಷರಾಯಿಯ ಜೋಡಿಯನ್ನು ಇಂದಿಗೂ "ಪೆನ್ಸಿಲ್ವೇನಿಯಾ ಟಕ್ಸೀಡೊ" (ಟಕ್ಸೀಡೊ ಎಂದರೆ ಔತಣಕೂಟಗಳಿಗೆ ತೊಡುವ ಕರಿ ಸೂಟು) ಎಂದು ಪ್ರೀತಿಯಿಂದ ಕರೆಯುತ್ತಾರೆ. ಸಿಯಾಟಲ್‌ನಲ್ಲಿ 1897ರಲ್ಲಿ, ಕೆನಡಾದ ಕ್ಲಾಂಡೈಕ್‌ಗೆ ಚಿನ್ನದ ಬೇಟೆಗೆ ಹೊರಟವರಿಗೆ ಬಟ್ಟೆ ಹೊಲಿಯುತ್ತ ಶುರುವಾದ ಫಿಲ್ಸನ್ ಸಂಸ್ಥೆ 1914ರಲ್ಲಿ "ಕ್ರೂಸರ್" ಅಂಗಿಗೆ ಪೇಟೆಂಟ್ ಪಡೆಯಿತು. ಕಾಡಿನಲ್ಲಿ ನಡೆದಾಡುತ್ತ ಮರಮಟ್ಟಿನ ಅಂದಾಜು ಮಾಡುವವನಿಗೆ ಕ್ರೂಸರ್ ಎಂಬ ಹೆಸರಿತ್ತು, ನಕ್ಷೆ ಇಡಲೆಂದು ಆ ಅಂಗಿಯ ಬೆನ್ನಿಗೇ ಅಗಲವಾದ ಜೇಬು.

ಇವೆಲ್ಲ ಬೆಳಗ್ಗೆ ಹೊರಟು ಸಂಜೆ ಒಲೆಯ ಬಳಿಗೆ ಮರಳುತ್ತಿದ್ದ ಜನರ ಉಡುಪುಗಳು. ಆ ಬಾಳಿಗೆ ಅವಕ್ಕಿಂತ ಒಳ್ಳೆಯ ಬಟ್ಟೆಯನ್ನು ನಾನಿನ್ನೂ ಕಂಡಿಲ್ಲ. ಹೊರೆ ಹೊತ್ತು ಏರಿ, ಒಲೆಯಿಲ್ಲದ ಡೇರೆಯಲ್ಲಿ ಮಲಗುವವನಿಗೆ ಅದೇ ಬಟ್ಟೆ ಒಂದೂವರೆ ಕಿಲೋ ಮೀರಿದ ಹೆಚ್ಚುವರಿ ಭಾರ. ನನ್ನ ಮೊದಲ ವರ್ಷಗಳಲ್ಲಿ ನಾನೂ ಅಂಥದೇ ಕೋಟು ತೊಟ್ಟು ಕತ್ತಲಲ್ಲಿ ಏರಲು ಹೊರಟೆ. ಅರ್ಧ ದಾರಿಗೆ ಒಳ ಅಂಗಿ ಬೆನ್ನಿಗೆ ಅಂಟಿತ್ತು, ಕೋಟನ್ನು ಕಟ್ಟಿಕೊಳ್ಳಲು ಚೀಲದಲ್ಲಿ ಜಾಗವಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅಂಚಿನಲ್ಲಿ ಕೂತವನಿಗೆ ದುರ್ಬೀನು ನೆಟ್ಟಗೆ ಹಿಡಿಯಲಾಗದಷ್ಟು ನಡುಕ. ಕೆಳಗಿನ ಹುಲ್ಲುಗಾವಲಿನಲ್ಲಿ ಎಲ್ಕ್ ಹಿಂಡು ಮೇಯುತ್ತಿತ್ತು, ನಾನು ನಿಶ್ಚಲವಾಗಿ ಗುಂಡು ಹಾರಿಸುವ ಸ್ಥಿತಿಯಲ್ಲಿರಲಿಲ್ಲ, ಹಾರಿಸಲೂ ಇಲ್ಲ. ಗಾಯಗೊಂಡು ತಪ್ಪಿಸಿಕೊಂಡ ಪ್ರಾಣಿಯ ನರಳಾಟಕ್ಕೆ ನಾವೇ ಹೊಣೆಯಾದ್ದರಿಂದ, ನಡುಗದ ಕೈಯನ್ನು ಕಾಪಾಡಿಕೊಳ್ಳುವುದು ಬೇಟೆಗಾರನ ಕರ್ತವ್ಯಗಳಲ್ಲಿ ಒಂದೆಂದು ನಾನು ಎಣಿಸುತ್ತೇನೆ.

ಹಾಗಾದರೆ ಏನು ತೊಡಬೇಕು? ಚರ್ಮಕ್ಕೆ ತಾಗುವ ಪದರದಿಂದ ಆರಂಭಿಸಿ, ಏಕೆಂದರೆ ನಿಮ್ಮ ಚುಚ್ಚುವಿಕೆಯ ಉತ್ತರವೂ ಅಲ್ಲೇ ಇದೆ. ಉಣ್ಣೆ ಚುಚ್ಚುವುದು ಬಹುತೇಕ ಜನರಲ್ಲಿ ಅಲರ್ಜಿಯಲ್ಲ. ದಪ್ಪ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ನರದ ತುದಿಯನ್ನು ಒತ್ತುತ್ತದೆ. ಮೂವತ್ತು ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪನೆಯ ಎಳೆಗಳು ನೂರಕ್ಕೆ ಸುಮಾರು ಐದನ್ನು ಮೀರಿದರೆ ಹೆಚ್ಚಿನವರಿಗೆ ಆ ಬಟ್ಟೆ ಚುಚ್ಚುತ್ತದೆ. ಊರಿನ ಕಂಬಳಿ ಚುಚ್ಚಲು ಕಾರಣ ದಖ್ಖನಿ ಕುರಿಯ ಉಣ್ಣೆ ಬಹುಪಾಲು ಆ ಮಿತಿಗಿಂತ ಒರಟಾಗಿರುವುದು. ನಯವಾದ ಉಣ್ಣೆಯ ಕುರಿತಳಿಯಾದ ಮೆರಿನೊದ ಒಳ ಅಂಗಿಗಳಲ್ಲಿ ಸರಾಸರಿ ಎಳೆ 17ರಿಂದ 19 ಮೈಕ್ರಾನ್ ಇರುತ್ತದೆ, ಅದು ಚರ್ಮದ ಎದುರು ಬಾಗಿಬಿಡುತ್ತದೆ. ಕೊಳ್ಳುವ ಮುನ್ನ ಅಂಗಿಯನ್ನು ಅಂಗೈಯಲ್ಲಿ ಸವರಿ ನಿರ್ಧರಿಸಬೇಡಿ, ಅಂಗೈಯ ಚರ್ಮ ದಪ್ಪ. ಕುತ್ತಿಗೆಯ ಪಕ್ಕಕ್ಕೆ, ಮೊಣಕೈಯ ಒಳಮಡಿಕೆಗೆ ಒತ್ತಿ ಎರಡು ನಿಮಿಷ ಹಿಡಿಯಿರಿ, ಅಷ್ಟರಲ್ಲಿ ತಿಳಿಯುತ್ತದೆ. ಏರುವಾಗ ತೊಡಲು ಚದರ ಮೀಟರಿಗೆ 150 ಗ್ರಾಂ ತೂಕದ ತೆಳು ಅಂಗಿ ಒಂದು, ಮಲಗಲು ಮತ್ತು ಬದಲಿಸಲು 250 ಗ್ರಾಂನದು ಒಂದು ಸಾಕು. ಅಪ್ಪಟ ಮೆರಿನೊ ತೆಳು ಅಂಗಿಗಳು ಚೀಲದ ಪಟ್ಟಿಯ ಉಜ್ಜಾಟಕ್ಕೆ ಬೇಗ ತೂತಾಗುವುದರಿಂದ ಸ್ವಲ್ಪ ನೈಲಾನ್ ಬೆರೆತದ್ದನ್ನು ಆರಿಸುವುದರಲ್ಲಿ ತಪ್ಪಿಲ್ಲ.

ಚೌಕಳಿಗೆ ನಿಜವಾದ ಸ್ಥಾನ ಎರಡನೆಯ ಪದರದಲ್ಲಿದೆ, ನಿಮ್ಮ ಹಣದ ದೊಡ್ಡ ಪಾಲನ್ನು ಅಲ್ಲಿಗೆ ಮೀಸಲಿಡಿ. ಚದರ ಮೀಟರಿಗೆ 250ರಿಂದ 350 ಗ್ರಾಂ ತೂಕದ, ಮುಂದೆ ಪೂರ್ತಿ ಗುಂಡಿಯಿರುವ ನೇಯ್ದ ಉಣ್ಣೆ ಅಂಗಿ ಈ ಬೇಟೆಗೆ ಅತ್ಯಂತ ಉಪಯುಕ್ತ ಉಡುಪೆಂದು ನನ್ನ ಅನುಭವ ಹೇಳುತ್ತದೆ. ಏರುವಾಗ ಗುಂಡಿ ಬಿಚ್ಚಿ, ತೋಳು ಮಡಚಿ ನಡೆಯಬಹುದು, ನಿಂತಾಗ ಕುತ್ತಿಗೆಯವರೆಗೆ ಮುಚ್ಚಬಹುದು. ಕೊಂಬೆಗೆ ಸವರಿದರೆ ನೈಲಾನಿನಂತೆ ಸರಪರ ಸದ್ದು ಮಾಡುವುದಿಲ್ಲ. ಒಲೆಯ ಕಿಡಿ ಹಾರಿದರೆ ಕರಗಿ ಚರ್ಮಕ್ಕಂಟದೆ ಕರಕಾಗಿ ನಂದುತ್ತದೆ. ಐದು ದಿನ ತೊಟ್ಟರೂ ಪಾಲಿಯೆಸ್ಟರಿನಷ್ಟು ನಾರುವುದಿಲ್ಲ. ಆದರೆ ಎಲ್ಕ್‌ನ ಮೂಗಿನಿಂದ ನಿಮ್ಮನ್ನು ಯಾವ ಬಟ್ಟೆಯೂ ಮರೆಮಾಡಲಾರದು, ಅದಕ್ಕೆ ಗಾಳಿಯ ದಿಕ್ಕು ನೋಡಿ ನಡೆಯುವುದೊಂದೇ ಉಪಾಯ.

ಇಲ್ಲಿ ಒಂದು ಮೋಸದ ಬಗ್ಗೆ ಎಚ್ಚರಿಸಬೇಕು. ಅಂಗಡಿಯಲ್ಲಿ "ಪ್ಲೇಡ್ ಫ್ಲಾನೆಲ್" ಎಂದು ತೂಗುಹಾಕಿರುವ ಚೌಕಳಿ ಅಂಗಿಗಳಲ್ಲಿ ಬಹುಪಾಲು ಹತ್ತಿಯವು, ಮೇಲ್ಮೈಯನ್ನು ಕೆರೆದು ಮೃದು ಮಾಡಿರುವುದರಿಂದ ಉಣ್ಣೆಯಂತೆ ತೋರುತ್ತವೆ. ನೂರು ಮೀಟರ್ ದೂರದಿಂದ ಎರಡೂ ಒಂದೇ, ಬೆವರಿದ ಮೇಲೆ ಒಂದು ನಿಮ್ಮನ್ನು ಕಾಯುತ್ತದೆ, ಇನ್ನೊಂದು ಕೊಲ್ಲಲೂಬಹುದು. ಒಳಗಿನ ಚೀಟಿಯನ್ನು ಓದದೆ ಚೌಕಳಿ ಕೊಳ್ಳಬೇಡಿ. ಅಮೆರಿಕದಲ್ಲಿ ಉಣ್ಣೆ ಉತ್ಪನ್ನಗಳ ಗುರುತುಚೀಟಿಯ ಕುರಿತು 1939ರಿಂದಲೇ ಕಾನೂನಿದೆ, ಉಣ್ಣೆಯ ಪ್ರಮಾಣವನ್ನೂ ಅದು ಮರುಬಳಕೆಯದಾದರೆ ಆ ಸಂಗತಿಯನ್ನೂ ತಿಳಿಸಲೇಬೇಕು. ಮರುಬಳಕೆಯ ಉಣ್ಣೆಯ ಎಳೆಗಳು ತುಂಡಾಗಿ ಗಿಡ್ಡವಾಗಿರುವುದರಿಂದ ಬೇಗ ಸವೆಯುತ್ತವೆ, ಅದರಲ್ಲೂ ಹೊರೆಯ ಪಟ್ಟಿ ಕೂರುವ ಭುಜದಲ್ಲಿ. ಬಟ್ಟೆಯ ತಿರುವುಮುರುವು ನೋಡಿ: ಬಣ್ಣ ಹಾಕಿದ ನೂಲಿನಿಂದಲೇ ನೇಯ್ದ ಚೌಕಳಿ ಎರಡೂ ಬದಿಯಲ್ಲಿ ಸಮನಾಗಿ ಕಾಣುತ್ತದೆ, ಅಚ್ಚು ಹಾಕಿದ್ದು ಹಿಂಬದಿಯಲ್ಲಿ ಪೇಲವ. ಉದ್ದಕ್ಕೆ ಹಾಯುವ ಕೆಂಪು ಹಾಸುನೂಲಿಗೆ ಅಡ್ಡ ಹಾಯುವ ಕಪ್ಪು ಹೊಕ್ಕುನೂಲು ಕೂಡಿದಲ್ಲಿ ಮೂರನೆಯದೊಂದು ಕಂದುಗೆಂಪು ಚೌಕ ಹುಟ್ಟಿರಬೇಕು. ಜೇಬಿನ ಗೆರೆ ಅಂಗಿಯ ಗೆರೆಗೆ ತಪ್ಪದೆ ಕೂಡಿದ್ದರೆ ಹೊಲಿದವರು ಬಟ್ಟೆಗೆ ಜಿಪುಣತನ ಮಾಡಿಲ್ಲವೆಂದು ತಿಳಿಯಬಹುದು. ಕೊನೆಗೆ ಬೆಳಕಿಗೆ ಹಿಡಿದು ನೋಡಿ, ಕಿಂಡಿ ಕಿಂಡಿಯಾಗಿ ಬೆಳಕು ತೂರಿದರೆ ಗಾಳಿಯೂ ತೂರುತ್ತದೆ.

ತೂಕ ಹೇಳುವಾಗಲೂ ಗೊಂದಲವಿದೆ. ಗಿರಣಿಗಳು ಹಳೆಯ ರೂಢಿಯಂತೆ ಒಂದು ಗಜ ಉದ್ದದ ಬಟ್ಟೆಯ ತೂಕವನ್ನು ಔನ್ಸಿನಲ್ಲಿ ಹೇಳುತ್ತವೆ, ಕೆಲವರು ಚದರ ಗಜದ ತೂಕ ಹೇಳುತ್ತಾರೆ. 54 ಅಂಗುಲ ಪನ್ನದ ಬಟ್ಟೆ ಉದ್ದಗಜಕ್ಕೆ 24 ಔನ್ಸ್ ಇದ್ದರೆ ಅದು ಚದರ ಮೀಟರಿಗೆ ಸುಮಾರು 540 ಗ್ರಾಂ, ಅದೇ 24 ಔನ್ಸ್ ಚದರ ಗಜದ್ದಾದರೆ 800 ಗ್ರಾಂ ದಾಟುತ್ತದೆ. ಯಾವ ಗಜ ಎಂದು ಕೇಳದೆ ಎರಡು ಜಾಕೆಟ್‌ಗಳನ್ನು ಹೋಲಿಸಬೇಡಿ.

ಅಳತೆಯನ್ನು ಚೀಲ ಹೊತ್ತೇ ನೋಡಬೇಕು. ಅಂಗಡಿಗೆ ನಿಮ್ಮ ಬೆನ್ನುಚೀಲವನ್ನು ಹತ್ತು ಹದಿನೈದು ಕಿಲೋ ತುಂಬಿ ಒಯ್ಯಿರಿ, ಯಾರಾದರೂ ನೋಡಿದರೆ ನೋಡಲಿ. ಒಳ ಅಂಗಿಯ ಮೇಲೆ ಈ ಉಣ್ಣೆ ಅಂಗಿಯನ್ನು ತೊಟ್ಟು, ಚೀಲ ಬಿಗಿದು, ಎರಡೂ ಕೈಗಳನ್ನು ಬಂದೂಕು ಹಿಡಿದಂತೆ ಮುಂದೆ ಚಾಚಿ. ಬೆನ್ನು ಬಿಗಿಯಬಾರದು, ಮುಂಗೈ ತೆರೆದುಕೊಳ್ಳಬಾರದು, ಅಂಗಿಯ ಅಂಚು ಸೊಂಟಪಟ್ಟಿಯಿಂದ ಮೇಲೆ ಜಾರಬಾರದು. ಭುಜದ ನೆತ್ತಿಯ ಮೇಲೆ ದಪ್ಪ ಹೊಲಿಗೆ ಇದ್ದರೆ ಅದು ಪಟ್ಟಿಯ ಕೆಳಗೆ ಸಿಕ್ಕಿ ಎರಡನೆಯ ದಿನಕ್ಕೆ ಹುಣ್ಣು ಮಾಡುತ್ತದೆ. ಕ್ರೂಸರಿನ ಬೆನ್ನ ಜೇಬು ಚೀಲದ ಕೆಳಗೆ ನಿರುಪಯೋಗಿ, ಕೆಳಗಿನ ಜೇಬುಗಳು ಸೊಂಟಪಟ್ಟಿಗೆ ಸಿಕ್ಕಿ ಮುಚ್ಚಿಹೋಗುತ್ತವೆ, ಎದೆಯ ಜೇಬುಗಳಷ್ಟೇ ಕೈಗೆ ಎಟುಕುವವು. ದಪ್ಪ ಬಕಲಿನ ಬೆಲ್ಟನ್ನೂ ಅದೇ ಕಾರಣಕ್ಕೆ ಬಿಡಿ. ಷರಾಯಿಗೆ ಮಾತ್ರ ನಾನು ದಪ್ಪ ಉಣ್ಣೆಯನ್ನು ಶಿಫಾರಸು ಮಾಡುವುದಿಲ್ಲ. ಒದ್ದೆ ಹಿಮದಲ್ಲಿ ಅದರ ಕಾಲುಗಳು ನೀರು ಹೀರಿ ಜೋತುಬೀಳುತ್ತವೆ. ನೈಲಾನ್ ಬೆರೆತ ತೆಳುವಾದ, ಬಿಗಿ ನೇಯ್ಗೆಯದು, ಒಳಗೆ ಬೇಕಾದಾಗ ಮೆರಿನೊ, ಇಷ್ಟು ಸಾಕು.

ಮೂರನೆಯ ಪದರವಾಗಿ, ಕೂತಾಗ ಎಲ್ಲದರ ಮೇಲೆ ಹಾಕಿಕೊಳ್ಳಲು ಹಗುರವಾದ ಗರಿ ಅಥವಾ ಕೃತಕ ತುಂಬಿಕೆಯ ಜಾಕೆಟ್, ಅದರ ಜೊತೆ ಮಳೆ–ಹಿಮಕ್ಕೆ ತೆಳುವಾದ ಹೊರಕವಚ. ನಿಮ್ಮ ಮನಸೆಳೆದ ಕೋಟಿನ ಕೆಲಸವನ್ನು ಇವೆರಡೂ ಸೇರಿ ಅರ್ಧ ತೂಕದಲ್ಲಿ ಮಾಡುತ್ತವೆ. ಕಾಲ್ಚೀಲ ಮೂರು ಜೊತೆ, ಟೊಪ್ಪಿ, ಕೈಗವಸು, ಕುತ್ತಿಗೆಪಟ್ಟಿ ಉಣ್ಣೆಯವೇ ಇರಲಿ.

ಬಣ್ಣದ ಪ್ರಶ್ನೆಗೆ ಬರುತ್ತೇನೆ. ಜಿಂಕೆಯ ಕುಟುಂಬದ ಪ್ರಾಣಿಗಳ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ನಮ್ಮಂತೆ ಮೂರು ಬಗೆಯಲ್ಲ, ಎರಡೇ ಬಗೆ: ಒಂದು ನೀಲಿಗೆ, ಇನ್ನೊಂದು ಹಸಿರು–ಹಳದಿಯ ಸೀಮೆಗೆ ಸ್ಪಂದಿಸುತ್ತದೆ. ಕೆಂಪು ಅವಕ್ಕೆ ಮಂಕಾದ ಕಪ್ಪುಛಾಯೆ, ನಮಗೆ ಕಣ್ಣು ಕುಕ್ಕುವ ಕಿತ್ತಳೆಯೂ ಅವಕ್ಕೆ ಎದ್ದು ಕಾಣುವ ಬಣ್ಣವಲ್ಲ. ನೀಲಿ ಮತ್ತು ನೇರಳಾತೀತ ಕಿರಣದ ಸಮೀಪದ ಹೊಳಪನ್ನು ಅವು ನಮಗಿಂತ ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಕೆಂಪು ಚೌಕಳಿಗಿಂತ ನೀಲಿ ಜೀನ್ಸೇ ಹೆಚ್ಚು ಅಪಾಯಕಾರಿ, ಬಿಳುಪು ಹೆಚ್ಚಿಸುವ ರಾಸಾಯನಿಕವಿರುವ ಸಾಬೂನುಪುಡಿಯಲ್ಲಿ ಒಗೆದ ಬಟ್ಟೆಯೂ ಹಾಗೆಯೇ. ದೊಡ್ಡ ಚೌಕಳಿಯ ಗಾಢ–ತಿಳಿ ತುಣುಕುಗಳು ಮನುಷ್ಯನ ಆಕಾರವನ್ನು ಒಡೆದು ತೋರಿಸುತ್ತವೆ, ಅದೂ ಒಂದು ಲಾಭ. ನೀವು ಕದಲಿದರೆ ಮಾತ್ರ ಯಾವ ನಮೂನೆಯೂ ಉಳಿಸುವುದಿಲ್ಲ.

ಪ್ರಾಣಿಗಿಂತ ಹೆಚ್ಚಾಗಿ ನೀವು ಯೋಚಿಸಬೇಕಾದದ್ದು ಇನ್ನೊಬ್ಬ ಬೇಟೆಗಾರನ ಕಣ್ಣಿನ ಬಗ್ಗೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಮನುಷ್ಯನ ಕಣ್ಣಿಗೆ ಮೊದಲು ಮಂಕಾಗುವ ಬಣ್ಣ ಕೆಂಪು. ಮಬ್ಬು ಬೆಳಕಿನಲ್ಲಿ ಕೆಂಪು–ಕಪ್ಪು ಚೌಕಳಿ ಪೊದೆಗಳ ನಡುವೆ ಕಪ್ಪಗೆ ಅಲುಗುವ ಪ್ರಾಣಿಯಂತೆ ಕಂಡೀತು. ಪ್ರತಿದೀಪ್ತ (ಫ್ಲೋರೆಸೆಂಟ್) ಕಿತ್ತಳೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನೂ ನೀಲಿ ಬೆಳಕನ್ನೂ ಹೀರಿ ಕಿತ್ತಳೆಯಾಗಿ ಹೊರಸೂಸುವುದರಿಂದ ಆ ಹೊತ್ತಿನಲ್ಲೂ ಬೆಳಗುತ್ತದೆ. ಕೊಲರಾಡೊದಲ್ಲಿ ಬಂದೂಕಿನಿಂದ ಎಲ್ಕ್ ಬೇಟೆಯಾಡುವವರು ಸೊಂಟದ ಮೇಲೆ ಕನಿಷ್ಠ 500 ಚದರ ಅಂಗುಲದಷ್ಟು ಪ್ರತಿದೀಪ್ತ ಕಿತ್ತಳೆ ಅಥವಾ ಗುಲಾಬಿ ಬಣ್ಣವನ್ನು ತೊಡುವುದು ಕಡ್ಡಾಯ, ಅದರ ಒಂದು ಭಾಗ ಎಲ್ಲ ದಿಕ್ಕಿನಿಂದಲೂ ಕಾಣುವ ಅದೇ ಬಣ್ಣದ ಟೊಪ್ಪಿಯಾಗಿರಬೇಕು. ಎಲೆಚಿತ್ತಾರ ಬೆರೆತ ಕಿತ್ತಳೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಕೆಂಪು ಚೌಕಳಿಯಂತೂ ಬರುವುದೇ ಇಲ್ಲ. ಅಗಲವಾದ ಕಿತ್ತಳೆ ಮೇಲಂಗಿಯೊಂದನ್ನು ಗರಿ ಜಾಕೆಟ್ಟಿನ ಮೇಲೂ ಹಿಡಿಯುವ ಅಳತೆಯಲ್ಲಿ ಕೊಳ್ಳಿ. ಚೀಲ ಹೊತ್ತಾಗ ಬೆನ್ನಿನ ಕಿತ್ತಳೆ ಮುಚ್ಚಿಹೋಗುವುದರಿಂದ ಚೀಲಕ್ಕೂ ಕಿತ್ತಳೆ ಹೊದಿಕೆ ಹಾಕಿ, ಮಾಂಸ ಹೊತ್ತು ಇಳಿಯುವಾಗ ಅದು ಅತ್ಯಗತ್ಯ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ಬೇಟೆ ನಿಷಿದ್ಧವಾದ್ದರಿಂದ, ಈ ನಿಯಮಗಳು ಮನೆಯ ಹಿರಿಯರಿಂದ ತಿಳಿದು ಬರುವಂಥವಲ್ಲ. ಪ್ರತಿ ವರ್ಷ ರಾಜ್ಯ ಪ್ರಕಟಿಸುವ ನಿಯಮ ಪುಸ್ತಕವನ್ನು ನೀವೇ ಓದಿಕೊಳ್ಳಬೇಕು.

ಮರಳಿದ ಮೇಲೆ ರಕ್ತದ ಕಲೆಯನ್ನು ತಣ್ಣೀರಿನಲ್ಲಿ ನೆನೆಸಿ ತೆಗೆಯಿರಿ, ಬಿಸಿನೀರು ಕಲೆಯನ್ನು ಕಚ್ಚಿಸುತ್ತದೆ. ಶಾಖ, ತೇವ, ತಿಕ್ಕಾಟ ಮೂರೂ ಕೂಡಿದರೆ ಉಣ್ಣೆ ಕುಗ್ಗಿ ಜಡ್ಡುಗಟ್ಟುವುದರಿಂದ ಹಿಂಡದೆ, ಮಟ್ಟಸವಾಗಿ ಹರಡಿ ನೆರಳಿನಲ್ಲಿ ಒಣಗಿಸಿ. ಕೊಳೆ ಉಳಿದ ಉಣ್ಣೆಗೇ ನುಸಿ ಮೊದಲು ಬೀಳುವುದು.

ಇನ್ನು ಅಪ್ಪನ ಕಂಬಳಿ. ಮ್ಯಾಕಿನಾ ಕೋಟಿನ ಸೈನಿಕರು ಕಂಬಳಿಯನ್ನು ಕತ್ತರಿಸಿ ಪಡೆದದ್ದನ್ನು ನಮ್ಮ ಕುರುಬರು ಕತ್ತರಿ ಹಾಕದೆ, ಮಡಿಕೆಯ ಜಾಣ್ಮೆಯಿಂದಲೇ ಪಡೆದಿದ್ದರು. ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕರಿಕಂಬಳಿಯನ್ನು ಕೊಪ್ಪೆಯಾಗಿ ತಲೆಗೇರಿಸಿ ಮಲೆನಾಡಿನ ಜಡಿಮಳೆಯಲ್ಲಿ ಗದ್ದೆಗಿಳಿದವರನ್ನು ನೀವೂ ಕಂಡಿರುತ್ತೀರಿ. ಅದರ ಗುಣದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆರು ಮೈಲಿ ಏರುವ ಚೀಲದಲ್ಲಿ ಅಷ್ಟು ಭಾರಕ್ಕೆ, ಅಷ್ಟು ಗಾತ್ರಕ್ಕೆ ಎಡೆಯಿಲ್ಲ. ಕಾಡುದಾರಿ ಶುರುವಾಗುವಲ್ಲಿ ನಿಲ್ಲಿಸುವ ಗಾಡಿಯಲ್ಲಿ ಅದನ್ನು ಇಟ್ಟುಹೋಗಿ. ಆರನೆಯ ದಿನ ಸಂಜೆ ಕೊನೆಯ ಹೊರೆ ಇಳಿಸಿ, ಒದ್ದೆ ಬಟ್ಟೆ ಬದಲಿಸಿ, ಡೆನ್ವರ್‌ಗೆ ಹೊರಡುವ ಮುನ್ನ ಒಂದು ಗಂಟೆ ಹೊದ್ದು ಕೂರಲು ಅದು ಬೇಕಾಗುತ್ತದೆ.